ಎಂಜಿನ್ ಕೋಣೆಯ ಶುದ್ಧೀಕರಣ ಮತ್ತು ತದನಂತರದ ಕ್ರಮ

ಮೈಲಿಗಲ್ಲು ಕಚೇರಿಯ ಏಕೈಕ ಜೀಪು ಇಪ್ಪತ್ತೊಂದು ವರ್ಷ ಸೇವೆ ಸಲ್ಲಿಸಿ ಮಾರಾಟಕ್ಕೆ ಅರ್ಹವಾಯಿತು. ಮಾರುವ ಮುನ್ನ ಅದರ ‘ಎಂಜಿನ್ ಕೋಣೆಯನ್ನು ಶುಚಿಗೊಳಿಸತಕ್ಕದ್ದು’ ಎಂದು ಮೇಲಿನಿಂದ ಸುತ್ತೋಲೆ ಬಂತು. ಕೋಣೆ ಎಂದಿದ್ದರಿಂದ ಸುತ್ತೋಲೆ ಸಹಜವಾಗಿಯೇ ಕಟ್ಟಡ ಶಾಖೆಗೆ ಹೋಯಿತು. ಶಾಖೆಯವರು ಎರಡು ಮಹಡಿ ಸುತ್ತಿ, ಅಂಥ ಕೋಣೆ ಈ ಕಚೇರಿಯಲ್ಲಿ ಇಲ್ಲವೆಂದೂ, ಅಗತ್ಯವಿದ್ದಲ್ಲಿ ದಾಖಲೆ ಕೋಣೆಯ ಪಕ್ಕದಲ್ಲಿ ಕಟ್ಟಿಸಬಹುದೆಂದೂ ಉತ್ತರಿಸಿದರು. ಇಟ್ಟಿಗೆ ಬಂದಿಳಿದ ಮೇಲೆ ಯಾರಿಗೋ ಡ್ರೈವರನ್ನು ಕೇಳೋಣ ಅನ್ನಿಸಿತು.

“ಅದು ಬಾನೆಟ್ ಕೆಳಗಿರತ್ತೆ” ಎಂದ ಡ್ರೈವರ್.

ಅವನನ್ನು ಕಚೇರಿಯಲ್ಲೆಲ್ಲ ಹಾರ್ನಣ್ಣ ಎನ್ನುತ್ತಿದ್ದರು. ಜೀಪಿನ ಹಾರ್ನು ಎಂಟನೇ ವರ್ಷವೇ ಸತ್ತಿತ್ತು. ಹೊಸದಕ್ಕೆ ಮಂಜೂರಾತಿ ಬರುವವರೆಗೆ ಅವನೇ ಕಿಟಕಿಯಿಂದ ತಲೆ ಹೊರಹಾಕಿ “ಪೋಂ ಪೋಂ” ಎಂದು ಕೂಗುತ್ತಿದ್ದ. ಮಂಜೂರಾತಿ ಬರಲಿಲ್ಲ. ವಾರ್ಷಿಕ ತಪಾಸಣೆಯಲ್ಲಿ ಮಾತ್ರ ‘ಹಾರ್ನು: ಮಾನವಚಾಲಿತ, ಸುಸ್ಥಿತಿಯಲ್ಲಿದೆ’ ಎಂದು ತಪ್ಪದೆ ನಮೂದಾಗುತ್ತಿತ್ತು.

ಜೀಪು ಹೋದರೆ ಹೊಸದು ಬರುವುದಿಲ್ಲ ಎಂಬುದು ಹಾರ್ನಣ್ಣನಿಗೆ ಗೊತ್ತಿತ್ತು. ನಿವೃತ್ತಿಗೆ ಉಳಿದ ಮೂರು ವರ್ಷ ಅವನು ಟಪಾಲು ಶಾಖೆಯಲ್ಲಿ ಲಕೋಟೆಗಳಿಗೆ ಗೋಂದು ಹಚ್ಚಬೇಕಿತ್ತು.

“ಕೂತು ಮಾಡೋ ಕೆಲಸ ಅಲ್ವಾ, ಒಳ್ಳೇದೇ ಆಯ್ತು” ಎಂದಳು ಹೆಂಡತಿ.

“ಜೀಪಲ್ಲೂ ಕೂತೇ ಮಾಡ್ತಿದ್ದೆ ಕಣೇ” ಎಂದು ಅವನು ಗೋಡೆಯ ಕಡೆ ತಿರುಗಿದ.

ಆದರೂ ಹೋಗುವ ಗಾಡಿ ಮರ್ಯಾದೆಯಿಂದ ಹೋಗಲಿ ಎಂದು ಹಾರ್ನಣ್ಣ ಅಂಗಿಯ ತೋಳು ಮಡಚಿದ. ಬ್ಯಾಟರಿಯ ತಂತಿ ಕಳಚಿದ. ನೀರು ತಾಗಬಾರದ ಭಾಗಗಳಿಗೆಲ್ಲ ಪ್ಲಾಸ್ಟಿಕ್ ಚೀಲ ಕಟ್ಟಿದ. ಸೀಮೆಎಣ್ಣೆಯಲ್ಲಿ ಅದ್ದಿದ ಬಣ್ಣದ ಬ್ರಷ್ಷಿನಿಂದ ಜಿಡ್ಡನ್ನು ನೆನೆಸಿ, ಸಂದುಗೊಂದುಗಳನ್ನು ಹೆಂಡತಿಯ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಒಂಬತ್ತು ವರ್ಷದ ಹಿಂದೆ ಕಳೆದುಹೋಗಿ ಅವನ ಮೇಲೆ ವಿಚಾರಣೆ ತಂದಿದ್ದ ಸ್ಪ್ಯಾನರ್ ಸಿಕ್ಕಿತು. ಇಲಿಯ ಹಳೇ ಗೂಡೊಂದು ಸಿಕ್ಕಿತು. ಗೂಡಿನ ತುಂಬ ಇಲಾಖೆಯ ಸುತ್ತೋಲೆಗಳನ್ನೇ ಹರಿದು ಹಾಸಿತ್ತು. ನಮ್ಮ ಸುತ್ತೋಲೆಗಳು ಯಾರಿಗಾದರೂ ಪ್ರಯೋಜನಕ್ಕೆ ಬಂದದ್ದಕ್ಕೆ ಲಭ್ಯವಿರುವ ಏಕೈಕ ನಿದರ್ಶನ ಇದು.

ಮೂರನೆಯ ದಿನ ಎಂಜಿನ್ನು ಫಳಫಳ ಹೊಳೆಯಿತು. ಅದರ ಪಕ್ಕೆಯಲ್ಲಿ, ಜಿಡ್ಡಿನ ಅಡಿ ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದಿದ್ದ ಎಂಜಿನ್ ನಂಬರು ಅಚ್ಚುಕಟ್ಟಾಗಿ ಮೂಡಿ ನಿಂತಿತು.

ಹೆಡ್ ಕ್ಲರ್ಕ್ ಮೇಡಂ ರಿಜಿಸ್ಟರು ಹಿಡಿದು ತಾಳೆ ನೋಡಲು ಬಂದರು. ಒಮ್ಮೆ ನೋಡಿದರು. ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು.

“ಹಾರ್ನಣ್ಣ, ರಿಜಿಸ್ಟರಲ್ಲಿ ಕೊನೇ ಅಂಕಿ ಮೂರು. ಇಲ್ಲಿ ಎಂಟಿದೆ.”

“ಬರೆದೋರ ಪೆನ್ನಲ್ಲಿ ಶಾಯಿ ಮುಗಿದಿರಬೇಕು ಮೇಡಂ. ಎಂಟರ ಎಡಗಡೆ ಮೂಡಿಲ್ಲ.”

“ರಿಜಿಸ್ಟರು ತಪ್ಪು ಅಂತೀರಾ? ಇದಕ್ಕೆ ಹದಿನಾಲ್ಕು ಜನ ಅಧಿಕಾರಿಗಳು ಸಹಿ ಹಾಕಿದ್ದಾರೆ. ಅದರಲ್ಲಿ ಒಬ್ಬರು ಈಗ ನಿರ್ದೇಶಕರು.”

ಹಾರ್ನಣ್ಣ ಬಾನೆಟ್ ಮುಚ್ಚಿದ.

ವಿಷಯ ಸಾಹೇಬರ ಮೇಜಿಗೆ ಹೋಯಿತು. ಸಾಹೇಬರು ಕಿಟಕಿಯಿಂದ ಜೀಪನ್ನು ದಿಟ್ಟಿಸಿದರು.

“ಹಾಗಾದ್ರೆ ನಮ್ಮ ಜೀಪು ಎಲ್ಲಿ?”

“ಸಾರ್, ಇದೇ ನಮ್ಮ ಜೀಪು. ಇಪ್ಪತ್ತೊಂದು ವರ್ಷ ನಾನೇ ಓಡಿಸಿದ್ದೀನಿ.”

“ಗಾಡಿ ಕಳೆದಿರೋದು ನಿಮ್ಮ ಸುಪರ್ದಿಯಲ್ಲಿ. ನೀವು ಆರೋಪಿ. ಆರೋಪಿ ಮಾತನ್ನ ಸಾಕ್ಷಿ ಅಂತ ತಗೊಳ್ಳೋಕಾಗತ್ತಾ?”

“ನಂಬರ್ ಪ್ಲೇಟ್ ನೋಡಿ ಸಾರ್.”

“ಅದನ್ನ ಯಾರು ಬೇಕಾದ್ರೂ ಬಿಚ್ಚಿ ಯಾವ ಗಾಡಿಗೆ ಬೇಕಾದ್ರೂ ಹಾಕಬಹುದು” ಎಂದರು ಮೇಡಂ. “ಹೋದ ತಿಂಗಳು ನೀವೇ ಬಿಚ್ಚಿ, ಬಣ್ಣ ಹೊಡೆದು ಹಾಕಿದ್ರಿ.”

ಬಣ್ಣ ಹೊಡೆದದ್ದು ನಿಜವಾಗಿತ್ತು. ಸಂಜೆಯೊಳಗೆ ಸೂಚನಾ ಫಲಕದಲ್ಲಿ ಪ್ರಕಟಣೆ ಬಿತ್ತು:

‘ಈ ಕಚೇರಿಯ ಜೀಪು ಕಾಣೆಯಾಗಿರುತ್ತದೆ. ಯಾವಾಗಿನಿಂದ ಎಂಬುದು ತಿಳಿದಿಲ್ಲ; ಎಂಜಿನ್ನು ತೊಳೆಯುವವರೆಗೆ ಕಾಣೆಯಾದದ್ದೇ ತಿಳಿದಿರಲಿಲ್ಲ. ಅದೇ ಸ್ಥಳದಲ್ಲಿ, ಅದನ್ನೇ ಹೋಲುವ ವಾರಸುದಾರರಿಲ್ಲದ ಜೀಪೊಂದು ಪತ್ತೆಯಾಗಿರುತ್ತದೆ. ಚಾಲಕನನ್ನು ಸೋಮವಾರದಿಂದ ಅಮಾನತಿನಲ್ಲಿ ಇಡಲಾಗುವುದು. ಇನ್ನು ಮುಂದೆ ಯಾರೂ ಯಾವುದೇ ವಾಹನವನ್ನು ಅಗತ್ಯಕ್ಕಿಂತ ಹೆಚ್ಚು ಶುಚಿಗೊಳಿಸಕೂಡದು.’

ಹಾರ್ನಣ್ಣ ಮನೆಗೆ ಹೋಗಿ ತಲೆ ಮೇಲೆ ಕೈ ಹೊತ್ತು ಕುಳಿತ. ಗೋಂದಿನ ಕೆಲಸವೂ ಕೈತಪ್ಪಿತ್ತು. ನಿಂತ ಗಾಡಿಯನ್ನು ಕಳೆದವನು ಎಂಬ ಹೆಸರು ಬೇರೆ.

ಹೆಂಡತಿ ಪೂರ್ತಿ ಕಥೆ ಕೇಳಿದಳು. ನಗು ಬಂದರೂ ಗಂಡನ ಮುಖ ನೋಡಿ ನುಂಗಿಕೊಂಡಳು.

“ಅಲ್ರೀ, ಕಳೆದುಹೋಗಿದ್ರೆ ಹುಡುಕಬೇಕು ತಾನೇ? ನಿಮ್ಮನ್ನ ಮನೇಲಿ ಕೂರಿಸಿದ್ರೆ ಆ ಗಾಡಿ ಗುರುತು ಹಿಡಿಯೋರು ಯಾರು?”

ಮರುದಿನ ಬೆಳಿಗ್ಗೆ ಅವನು ಅದೇ ಮಾತನ್ನು ಸಾಹೇಬರ ಮತ್ತು ಮೇಡಂ ಮುಂದಿಟ್ಟ. ಸಾಹೇಬರ ಮುಖ ಅರಳಿತು. ಹುಡುಕಾಟಕ್ಕೆ ಸಮಿತಿ ಬೇಕು, ಸಮಿತಿಗೆ ಅಧ್ಯಕ್ಷರು ಬೇಕು, ಅಧ್ಯಕ್ಷರಿಗೆ ಪ್ರವಾಸ ಭತ್ಯೆ ಬೇಕು ಎಂಬುದೆಲ್ಲ ಅವರಿಗೆ ಒಂದೇ ಉಸಿರಿಗೆ ಹೊಳೆಯಿತು.

“ಆದ್ರೆ ಹುಡುಕೋಕೆ ಹೋಗೋದು ಯಾವುದರಲ್ಲಿ?”

ಮೂವರೂ ಕಿಟಕಿಯ ಕಡೆ ನೋಡಿದರು. ಜೀಪು ಬಿಸಿಲಿಗೆ ಮಿಂಚುತ್ತಿತ್ತು.

“ಆವರಣದಲ್ಲಿ ಸಿಕ್ಕ ವಾರಸುದಾರರಿಲ್ಲದ ವಸ್ತುವನ್ನ, ವಾರಸುದಾರರು ಬರೋವರೆಗೆ ಸಾರ್ವಜನಿಕ ಕೆಲಸಕ್ಕೆ ಬಳಸಬಹುದು” ಎಂದರು ಮೇಡಂ. ಹಾಗೊಂದು ನಿಯಮ ಅಲ್ಲಿಯವರೆಗೆ ಇರಲಿಲ್ಲ, ಮಧ್ಯಾಹ್ನದೊಳಗೆ ಇತ್ತು.

ಅಮಾನತು ರದ್ದಾಯಿತು. ಹಾರ್ನಣ್ಣ ‘ವಿಶೇಷ ಶೋಧ ಚಾಲಕ’ನಾದ. ಈ ಜೀಪಿನಲ್ಲಿ ಕೂತು ಆ ಜೀಪನ್ನು ಹುಡುಕಲು ಸಮಿತಿ ಹೊರಟಿತು. ಕಾಣೆಯಾದ ವಾಹನಗಳು ಹೆಚ್ಚಾಗಿ ತಂಪಾದ ಜಾಗಗಳಲ್ಲಿ ಇರುತ್ತವೆಂಬುದು ಸಾಹೇಬರ ಅನುಭವವಾಗಿತ್ತು. ಆದ್ದರಿಂದ ಮೊದಲು ಜಲಪಾತದ ಬಳಿ ಹುಡುಕಿದರು. ಅನಂತರ ಬೆಟ್ಟದ ಮೇಲೆ. ಸಾಹೇಬರ ನಾದಿನಿಯ ಮನೆಯಲ್ಲಿ ಎರಡು ದಿನ ಕೂಲಂಕಷವಾಗಿ ಹುಡುಕಿದರು.

ಕಾಣೆಯಾದ ಜೀಪಿನ ಫೋಟೋ ಇರುವ ದೊಡ್ಡ ಭಿತ್ತಿಪತ್ರವನ್ನು ಜೀಪಿನ ಹಿಂದೆಯೇ ಅಂಟಿಸಿದ್ದರು. ಒಂದು ತಿರುವಿನಲ್ಲಿ ಚಹಾ ಅಂಗಡಿಯವನು ಫೋಟೋ ನೋಡಿ, ಗಾಡಿ ನೋಡಿ, ಓಡಿ ಬಂದು ಅಡ್ಡ ನಿಂತ.

“ಸಾರ್, ಇದೇ ಅಲ್ವಾ ಅದು?”

“ಎಂಜಿನ್ ನಂಬರು ನೋಡಿದ್ದೀರಾ?” ಎಂದರು ಮೇಡಂ.

“ಇಲ್ಲ ಮೇಡಂ.”

“ನೋಡದೆ ಹಾಗೆಲ್ಲ ಹೇಳಬಾರದು.”

ಹಾರ್ನಣ್ಣ ಬಾನೆಟ್ ಎತ್ತಿದ. ಅಂಗಡಿಯವನು ಬಗ್ಗಿ ಎಂಟನ್ನು ಕಣ್ಣಾರೆ ನೋಡಿ ಪೆಚ್ಚಾದ. “ತಪ್ಪಾಯ್ತು ಸಾರ್. ನೋಡೋಕೆ ಥೇಟ್ ಹಾಗೇ ಇದೆ.”

“ಎಲ್ಲರಿಗೂ ಹಾಗೇ ಆಗತ್ತೆ, ಪರವಾಗಿಲ್ಲ” ಎಂದ ಹಾರ್ನಣ್ಣ. ಈ ಮಾತು ಹೇಳುವಾಗ ತನಗೇ ನಂಬಿಕೆ ಬಂದದ್ದನ್ನು ಗಮನಿಸಿ ಅವನಿಗೆ ಒಂದು ಕ್ಷಣ ಗಾಬರಿಯಾಯಿತು. ಆಮೇಲೆ ಅಭ್ಯಾಸವಾಯಿತು.

ಸಾರ್ವಜನಿಕರಿಂದ ಕರೆಗಳ ಮೇಲೆ ಕರೆಗಳು ಬಂದವು. ಅವನ್ನೆಲ್ಲ ಪರಿಶೀಲಿಸಿ ಸಮಿತಿ ತನ್ನ ಮೊದಲ ವರ್ಷದ ವರದಿಯಲ್ಲಿ ಹೀಗೆ ಬರೆಯಿತು: ‘ಸಮಿತಿ ಭೇಟಿ ಕೊಟ್ಟ ಪ್ರತಿಯೊಂದು ಸ್ಥಳದಲ್ಲೂ, ಸಮಿತಿ ಅಲ್ಲಿದ್ದ ಹೊತ್ತಿನಲ್ಲೇ, ಕಾಣೆಯಾದ ಜೀಪನ್ನು ಜನರು ನೋಡಿರುತ್ತಾರೆ. ನಾವು ಅದರ ತೀರಾ ಸಮೀಪದಲ್ಲಿದ್ದೇವೆ.’ ನಿರ್ದೇಶಕರು ಮೆಚ್ಚಿ ಅವಧಿಯನ್ನು ಮೂರು ವರ್ಷ ವಿಸ್ತರಿಸಿದರು. ತಾವೂ ಒಮ್ಮೆ ಹುಡುಕಲು ಬರುವುದಾಗಿ ಷರಾ ಬರೆದರು.

ಮುಂದಿನ ವಾರ ಸಮುದ್ರ ತೀರದಲ್ಲಿ ಶೋಧ. ಪ್ರತ್ಯಕ್ಷ ಸಾಕ್ಷಿಯ ಲೆಕ್ಕದಲ್ಲಿ ಹಾರ್ನಣ್ಣ ಹೆಂಡತಿಯನ್ನೂ ಕರೆದುಕೊಂಡ. ಅವಳು ಚಾಪೆ, ನೀರಿನ ಬಾಟಲಿ, ತಿಂಡಿಯ ಡಬ್ಬಿ ಹಿಡಿದು ಹಿಂದಿನ ಸೀಟಿನಲ್ಲಿ ಮೇಡಂ ಪಕ್ಕ ಕುಳಿತಳು. ಗಾಳಿಯಲ್ಲಿ ಉಪ್ಪಿನ ವಾಸನೆ ಬರತೊಡಗಿದಾಗ ಅವಳಿಗೆ ಇದ್ದಕ್ಕಿದ್ದಂತೆ ಆತಂಕವಾಯಿತು.

“ಅಲ್ರೀ, ಅಕಸ್ಮಾತ್ ಆ ಜೀಪು ಸಿಕ್ಕಿಬಿಟ್ರೆ?”

ಮುಂದಿನ ಸೀಟಿನಿಂದ ಸಾಹೇಬರು ನಿಧಾನವಾಗಿ ಹಿಂದಕ್ಕೆ ತಿರುಗಿದರು.

“ಬಿಡ್ತು ಅನ್ನಿ ತಾಯಿ” ಎಂದರು.

“ಬಿಡ್ತು” ಎಂದಳು ಅವಳು. ಮೇಡಂ ಕೂಡ, ಸುರಕ್ಷತೆಗಾಗಿ, ಮೆಲ್ಲಗೆ “ಬಿಡ್ತು” ಎಂದರು.