ಬಾಗಿಲ ಹಿಂದಿನಿಂದ ಒಂದು ‘ಬ್ಯಾಡ್ರಿ’

ಮಕ್ಕಳೇ, ನಿಮ್ಮ ದೊಡ್ಡಜ್ಜನಂಥ ವ್ಯಾಪಾರಸ್ಥರು ಕೊಟ್ಟೂರಿನಲ್ಲಿ ಮೊದಲೂ ಹುಟ್ಟಿರಲಿಲ್ಲ, ಆಮೇಲೂ ಹುಟ್ಟಿಲ್ಲ! ಮೂರು ಹೊತ್ತೂ ವ್ಯಾಪಾರವೇ. ಆದರೆ ಮಾರಿದ್ದು ಕಡಿಮೆ, ಕೊಂಡದ್ದು ಹೆಚ್ಚು. ಕೊಳ್ಳುವುದೂ ವ್ಯಾಪಾರವೇ ಅಲ್ಲವೇ? ಹಾಗಂತ ಅವರೇ ವಾದ ಮಾಡುತ್ತಿದ್ದರು.

ದೊಡ್ಡಜ್ಜ ಎಂದರೆ ನಿಮ್ಮ ಅಜ್ಜನ ಅಣ್ಣ, ನನಗೆ ಭಾವ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಮಕ್ಕಳನ್ನು ಕಟ್ಟಿಕೊಂಡು ಅವರ ಆಸರೆಯಲ್ಲೇ ಉಳಿದೆ. ಆ ಮನೆಯಲ್ಲಿ ನನಗೆ ಯಾರೂ ಒಂದು ಮಾತು ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ಭಾರವಾಗಿತ್ತು. ನನ್ನದು ಅಂತ ಒಂದು ದುಡಿಮೆ ಇರಬೇಕು, ನನ್ನ ಮಕ್ಕಳ ಶಾಲೆಯ ಖರ್ಚು ನನ್ನ ಕೈಯಿಂದ ಹೋಗಬೇಕು ಎಂಬುದೊಂದೇ ಆಸೆ. ನನಗೆ ಬರುತ್ತಿದ್ದದ್ದೇನು? ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಒಂದು ದಿನ ಭಾವ ರೊಟ್ಟಿಯ ಜೊತೆ ಆ ಪುಡಿ ಉಂಡು, ಬೆರಳು ಚೀಪಿ, ತಾಟಿನ ಮುಂದೆಯೇ ಘೋಷಣೆ ಮಾಡಿದರು: "ಇದನ್ನ ಇಂಟರ್ನೆಟ್ಟಿನಾಗ ಇಟ್ಟು ಮಾರೂದು!"

ಆಗಿನ್ನೂ ಊರಿನಲ್ಲಿ ಇಂಟರ್ನೆಟ್ ಎಂದರೆ ಹೊಸ ನಮೂನೆಯ ಬಿತ್ತನೆ ಬೀಜವಿರಬೇಕು ಎಂದುಕೊಂಡವರೇ ಹೆಚ್ಚು. ಚಟ್ನಿಪುಡಿಯನ್ನು ಫೋನಿನ ತಂತಿಯೊಳಗೆ ಹೇಗೆ ಕಳಿಸುತ್ತಾರಪ್ಪ ಎಂದು ನಾನೂ ಬಾಗಿಲ ಹಿಂದೆ ನಿಂತು ಹೆದರಿದೆ.

ಬಾಗಿಲ ಹಿಂದೆ ಯಾಕೆ ಅಂತೀರಾ? ನಮ್ಮ ಕಡೆಯ ಪದ್ಧತಿ. ತಮ್ಮನ ಹೆಂಡತಿಯಾದವಳು ಭಾವನ ಎದುರಿಗೆ ಕೂರಬಾರದು, ಮುಖ ಕೊಟ್ಟು ಮಾತಾಡಬಾರದು. ತಲೆ ತುಂಬ ಸೆರಗು ಹೊದ್ದು ಬಾಗಿಲ ಮರೆಗೆ ನಿಲ್ಲಬೇಕು. ಏನಾದರೂ ಹೇಳುವುದಿದ್ದರೆ ನಡುವೆ ಒಬ್ಬರು ಬೇಕು. ನಮಗೆ ಇದ್ದವರು ಅಕ್ಕ, ಅಂದರೆ ಭಾವನ ಹೆಂಡತಿ, ನನ್ನ ನೆಗೆಣ್ಣಿ. ಅವರಿಗೋ, ಗಂಡ ಮನೆಗೆ ಏನು ತಂದರೂ ಸಂಭ್ರಮ! ಕಂಪ್ಯೂಟರ್ ಬಂದ ದಿನ ಅದಕ್ಕೆ ಆರತಿ ಬೆಳಗಿದರು. ಅದರ ಗಾಜಿನ ಹಣೆಗೆ ವಿಭೂತಿ ಎಳೆದರು. ಮೌಸಿಗೆ ಅರಿಷಿಣ ಕುಂಕುಮ ಹಚ್ಚಿದ ಮೇಲೆ ಅದು ಒಂದು ವಾರ ಅಲುಗಾಡಲಿಲ್ಲ. "ದೇವರು ಬಂದು ಕುಂತಾನ ಅದರಾಗ" ಎಂದರು ಅಕ್ಕ.

ಕಂಪ್ಯೂಟರ್ ಬೇಕಾದದ್ದೇ, ಒಪ್ಪೋಣ. ಇಂಟರ್ನೆಟ್ಟಿನಲ್ಲಿ ಪುಡಿಯ ಹೆಸರು, ಮನೆಯ ಫೋನ್ ನಂಬರು ಹಾಕಿಸಿದ್ದೂ ಸರಿ. ಹಿಂದೆಯೇ ಗರಗರ ತಿರುಗುವ ಕುರ್ಚಿ ಬಂತು. ಭಾವ ಅದರಲ್ಲಿ ಕೂತು ಎರಡು ಸುತ್ತು ತಿರುಗಿ, "ವ್ಯಾಪಾರದಾಗ ನಾಕೂ ದಿಕ್ಕಿಗೆ ಕಣ್ಣಿರಬೇಕು" ಎಂದರು. ಆಮೇಲೆ ಪ್ರಿಂಟರ್. ಆಮೇಲೆ ಸ್ಕ್ಯಾನರ್. ಅದರ ಮೇಲೆ ಅವರು ಇಟ್ಟದ್ದು ತಮ್ಮ ಅಂಗೈ ಒಂದನ್ನೇ. ಬಂದ ಚಿತ್ರವನ್ನು ಕೈ ನೋಡುವವನಿಗೆ ತೋರಿಸಿ, ವ್ಯಾಪಾರ ಕುದುರುತ್ತದೆ ಎಂದು ಹೇಳಿಸಿಕೊಂಡು ಬಂದರು. ಪೊಟ್ಟಣದ ಬಾಯಿ ಮುಚ್ಚಲು ಒಂದು ಯಂತ್ರ ಬಂತು. ನನ್ನ ಪೊಟ್ಟಣ ಅಂಗೈಯಷ್ಟು, ಯಂತ್ರ ಸಿಮೆಂಟು ಚೀಲಕ್ಕೆ ಮಾಡಿದ್ದು!

ನಾನು ಒಳಗಿನಿಂದ ಪಿಸುಗುಟ್ಟಿದೆ: "ಅಕ್ಕಾ, ಇನ್ನ ಸಾಕು ಅನ್ರಿ. ಮೊದಲು ನಾಕು ಪಾಕೀಟು ಹೋಗಲಿ."

ಅಕ್ಕ ಹೊರಗೆ ತಿರುಗಿ ಗಟ್ಟಿಯಾಗಿ: "ಕೇಳ್ರಿ ಇಲ್ಲೆ, ಆಕಿಗೂ ಮಷೀನು ಭಾಳ ಮನಸಿಗೆ ಬಂದೈತಂತ!"

"ಹೌದೇನು? ಹಂಗಾರ ಇನ್ನೊಂದು ತರಬೇಕಾತು!"

ಇಂಥ ಟಪಾಲು ಇಟ್ಟುಕೊಂಡು ನಾನು ಯಾರನ್ನು ತಡೆಯಲಿ, ಹೇಳಿ?

ಎಲ್ಲಕ್ಕಿಂತ ಮಿಗಿಲಾದದ್ದು ಸಿ.ಡಿ.ಗಳ ಕತೆ. ಭಾವ ದಿನಾ ಸಂಜೆ ಫೋನಿನ ತಂತಿ ಸಿಕ್ಕಿಸಿ, ಅದು ಕೀಂಯ್ ಗೊರ್ರ್ ಎಂದು ನರಳಿ ಮುಗಿದ ಮೇಲೆ, ಆರ್ಡರ್ ಬಂದಿದೆಯೋ ನೋಡಲು ಕೂರುತ್ತಿದ್ದರು. ನೋಡುತ್ತಿದ್ದದ್ದು ಮಾತ್ರ ಜಾಹೀರಾತು. ಒಮ್ಮೆ ಅಲ್ಲಿಂದಲೇ ಒಂದು ಪಾಠಮಾಲೆ ತರಿಸಿದರು. ಏನು ಪಾಠ ಗೊತ್ತೇ? ‘ವ್ಯಾಪಾರದಲ್ಲಿ ಮನಸ್ಸು ಚಂಚಲವಾಗದಂತೆ, ಬೇಡದ್ದನ್ನು ಕೊಳ್ಳದಂತೆ ಇರುವುದು ಹೇಗೆ’! ಮೊದಲ ಸಿ.ಡಿ. ಅರ್ಧ ಕೇಳಿ ಎಷ್ಟು ಮೆಚ್ಚಿದರೆಂದರೆ ಎರಡನೆಯ ಭಾಗ ತರಿಸಿದರು. ಮೂರನೆಯದನ್ನೂ ತರಿಸಿದರು. ಅವನ್ನೆಲ್ಲ ಇಡಲು ಗಾಜಿನ ಬಾಗಿಲಿನ ಕಪಾಟು ಮಾಡಿಸಿದರು. ಕಪಾಟಿಗೆ ಬೀಗ, ಬೀಗದ ಕೈಗೆ ಬೆಳ್ಳಿಯ ಗೊಂಚಲು.

"ಮನಸ್ಸು ಎಷ್ಟು ನಿಂತೈತಿ ನೋಡು ಈಗ" ಎಂದರು ಅಕ್ಕನಿಗೆ.

"ಮನಸ್ಸು ನಿಂತೈತ್ರಿ, ಕಾಲಿಡಾಕ ಜಾಗ ಇಲ್ಲ" ಎಂದರು ಅಕ್ಕ. ಅವರೂ ಒಮ್ಮೊಮ್ಮೆ ನಿಜ ಹೇಳುತ್ತಿದ್ದರು.

ಇಷ್ಟೆಲ್ಲ ಆದರೂ ನನ್ನ ಪುಡಿ ಮಾತ್ರ ಡಬ್ಬಿಯಲ್ಲೇ ಇತ್ತು. ಕಮಟಿದ ಹಾಗೆಲ್ಲ ಹಳೆಯದನ್ನು ಚೆಲ್ಲಿ ಹೊಸದು ಕುಟ್ಟುತ್ತಿದ್ದೆ. ಈ ವರ್ಷ ನಡೆಯದಿದ್ದರೆ ಈ ಇಂಟರ್ನೆಟ್ ಅಂಗಡಿ ಮುಚ್ಚುವುದೇ ಸೈ ಎಂದು ಭಾವ ಅಂದದ್ದು ಕಿವಿಗೆ ಬಿದ್ದಿತ್ತು. ಮುಚ್ಚಿದರೆ ನಾನು ಮತ್ತೆ ಬರೀ ಉಣ್ಣುವವಳೇ ಅಲ್ಲವೇ?

ಒಂದು ಅಮಾವಾಸ್ಯೆ. ಅಕ್ಕ ದೇವರಿಗೆಂದು ಉಜ್ಜಿನಿಗೆ ಹೋಗಿದ್ದರು. ಭಾವ ಬೆಳಿಗ್ಗೆಯೇ ಇಸ್ತ್ರಿ ಅಂಗಿ ಹಾಕಿಕೊಂಡು, ಯಾರಿಗೂ ಏನೂ ಹೇಳದೆ, ಹೊಸಪೇಟೆಯ ಬಸ್ಸು ಹಿಡಿಯಲು ಹೊರಟರು. ಇಸ್ತ್ರಿ ಅಂಗಿ ಎಂದರೆ ಖರೀದಿ ಎಂದೇ ಅರ್ಥ. ಅವರು ಓಣಿ ದಾಟಿರಬೇಕು, ಫೋನು ಹೊಡೆದುಕೊಂಡಿತು. ಪುಣೆಯಲ್ಲಿ ಖಾನಾವಳಿ ನಡೆಸುವ ಒಬ್ಬ ಹೆಣ್ಣುಮಗಳು, ನಮ್ಮ ಹುಬ್ಬಳ್ಳಿ ಕಡೆಯವಳು.

"ಏನ್ರೀ ನೀವು? ತಿಂಗಳಾ ತಿಂಗಳಾ ಪುಡಿ ಬೇಕಂತ ಮೇಲ್ ಹಾಕೀನಿ, ಮ್ಯಾಲೆ ಮ್ಯಾಲೆ ಹಾಕೀನಿ. ಹೂಂ ಇಲ್ಲ, ಊಹೂಂ ಇಲ್ಲ! ಅಂಗಡಿ ಐತೋ ಮುಚ್ಚೀರೋ? ಇವತ್ತು ಮಧ್ಯಾಹ್ನದೊಳಗ ರೇಟು ಬರದು ಮೇಲಿನಾಗ ಉತ್ತರ ಹಾಕಲಿಲ್ಲಂದ್ರ ಬ್ಯಾರೆ ಕಡೆ ಹೇಳತೀನಿ."

ನನಗೆ ಮೇಲ್ ಬರೆಯಲು ಬರುವುದೇ? ಬರುವುದು ಪುಡಿ ಕುಟ್ಟಲು. ಹೇಳಿ ಕಳಿಸಲು ಅಕ್ಕನೂ ಇಲ್ಲ. ಕೈಯೆಲ್ಲ ಖಾರ, ಹಾಗೇ ಸೆರಗು ಹೊದ್ದು ಓಡಿದೆ. ಒಬ್ಬಳೇ ಬಸ್ ಸ್ಟ್ಯಾಂಡಿನವರೆಗೆ ಎಂದೂ ಹೋದವಳಲ್ಲ. ಬಸ್ಸು ಆಗಲೇ ಗುರುಗುಡುತ್ತಿತ್ತು. ಭಾವ ಎಲ್ಲಿ ಕೂತಿದ್ದಾರೋ ಕಾಣಲಿಲ್ಲ. ಹೆಸರು ಹಿಡಿದು ಕೂಗುವಂತಿಲ್ಲ. ಎಲ್ಲಿತ್ತೋ ಆ ದನಿ, ಬಂತು:

"ಭಾವೋರ! ಇಳೀರಿ! ಏನೂ ತರಬ್ಯಾಡ್ರಿ!"

ಬಸ್ಸಿನಲ್ಲಿದ್ದ ಭಾವಂದಿರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದರು! ಕಂಡಕ್ಟರ್ ಸೀಟಿ ಬಾಯಿಂದ ತೆಗೆದು, "ಯಾರಪ್ಪಾ ಈ ತಂಗಿ ಭಾವ? ಲಗೂನ ಇಳಕೊಳ್ರಿ, ಉಳಿದ ಭಾವಗೋಳು ಊರಿಗೆ ಹೋಗಬೇಕು" ಎಂದ. ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಭಾವ ಇಳಿದರು. ಮುಂದೆ ಮುಂದೆ ನಡೆದರು, ಹತ್ತು ಮಾರು ಹಿಂದೆ ನಾನು. ಹಿಂತಿರುಗಿ ನೋಡದೆ ಕೇಳಿದರು: "ಏನಾತವಾ?"

"ಪುಣೆದಾಕಿ ಫೋನು ಮಾಡಿದ್ಲರಿ. ಆರ್ಡರ್ ಕಂಪ್ಯೂಟರಿನಾಗ ಬಂದು ಕುಂತೈತಂತ. ಮಧ್ಯಾಹ್ನದೊಳಗ ಉತ್ತರ ಹಾಕಬೇಕಂತ."

ಬಸ್ಸಿನ ಹತ್ತಿರ ಕೂಗಿದ್ದು ಬಿಟ್ಟರೆ, ಆ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಅವರೊಂದಿಗೆ ಆಡಿದ ಮೊದಲ ಮಾತು ಅದು. ನೋಡಿ, ಎಂಥ ಮಾತು!

ಆರ್ಡರ್ ನಿಜವಾಗಿಯೂ ಇತ್ತು, ಜಾಹೀರಾತುಗಳ ರಾಶಿಯ ಅಡಿಯಲ್ಲಿ. ಭಾವ ಒಂದೊಂದೇ ಅಕ್ಷರ ಹುಡುಕಿ ಒತ್ತಿ ಉತ್ತರ ಬರೆದರು. ನಾನು ಬಾಗಿಲ ಹಿಂದಿನಿಂದ ಪುಡಿಯ ರೇಟು ಹೇಳಿದೆ. ಮಧ್ಯಾಹ್ನ ಫೋನು ಮತ್ತೆ ಹೊಡೆದುಕೊಂಡಿತು. "ಮುಟ್ಟಿತ್ರಿ. ಕಳಿಸ್ರಿ" ಎಂದಳು ಪುಣೆಯಾಕೆ.

ಅಂದಿನಿಂದ ಹೊಸ ಪದ್ಧತಿ. ಏನೇ ಕೊಳ್ಳುವ ಮೊದಲು ಭಾವ ಗೋಡೆ ನೋಡುತ್ತ ಕೇಳಬೇಕು: "ತರ್ಲೇನವಾ?" ಬಾಗಿಲ ಹಿಂದಿನಿಂದ ನಾನು: "ಬ್ಯಾಡ್ರಿ." ಬಣ್ಣದ ಪ್ರಿಂಟರ್? ಬ್ಯಾಡ್ರಿ. ಕಂಪ್ಯೂಟರಿಗೆ ಕ್ಯಾಮೆರಾ? ಬ್ಯಾಡ್ರಿ. ಪಾಠಮಾಲೆಯ ನಾಲ್ಕನೆಯ ಭಾಗ? ಬ್ಯಾಡೇ ಬ್ಯಾಡ್ರಿ! "ನನ್ನ ನೌಕರಿ ಕಸಗೊಂಡಿ ನೀನು" ಎಂದು ಅಕ್ಕ ಮುನಿಸಿಕೊಂಡರು. ಪುಡಿ ಪುಣೆಗೆ ಹೋಯಿತು, ಆಮೇಲೆ ಸೊಲ್ಲಾಪುರಕ್ಕೂ ಹೋಯಿತು. ನನ್ನ ಮಕ್ಕಳ ಶಾಲೆಯ ಖರ್ಚು ನನ್ನ ಕೈಯಿಂದಲೇ ಹೋಯಿತು.

ಒಂದು ದಿನ ಹೊಸಪೇಟೆಯಿಂದ ಫೋನು. ನಾನೇ ಎತ್ತಿದೆ. ಕುರ್ಚಿ ಅಂಗಡಿಯವನು.

"ನಿಮ್ಮ ಮನಿ ಹಿರೇರು ಹೇಳಿದ್ದ ಕುರ್ಚಿ ಹಂಗೇ ಕುಂತೈತ್ರಿ. ಅಮಾಸಿ ದಿನ ಬಂದು ಒಯ್ತೀನಿ ಅಂದೋರು ಬರಲೇ ಇಲ್ಲ. ಹೆಣ್ಣುಮಗಳಿಗೆ, ಎತ್ತರ ಕಡಿಮಿ ಇರಲಿ, ಆಕಿ ಕಾಲು ನೆಲಕ್ಕ ಮುಟ್ಟಬೇಕು ಅಂತ ಹೇಳಿ ಮಾಡಿಸ್ಯಾರ. ಮಂದಿ ಯಾರೂ ತೊಗೋವಲ್ರು."

ಬಾಗಿಲಿಗೆ ಬಂದು ನಿಂತು, ಅವನು ಹೇಳಿದ್ದನ್ನೇ ಹೇಳಿದೆ. ಭಾವ ಗೋಡೆಯ ಕಡೆ ತಿರುಗಿದರು.

"ಲೆಕ್ಕ ನೋಡಾಕಿ, ಪಾಕೀಟು ಕಟ್ಟಾಕಿ ನೀನ. ಬಾಗಲದಾಗ ಎಷ್ಟಂತ ನಿಂದರತಿ ಅಂತ..." ಎಂದು ನಿಲ್ಲಿಸಿದರು. ಆಮೇಲೆ, "ಬ್ಯಾಡ ಅಂದ್ರ ಬ್ಯಾಡ ಅಂತ ಹೇಳತೀನಿ."

ಎಷ್ಟು ಸಲ ಅಂದಿದ್ದ ಮಾತು! ಅಂದು ಬಾಯಿಗೇ ಬರಲಿಲ್ಲ.

ಕುರ್ಚಿ ಬಂತು. ಅಕ್ಕ ಅದಕ್ಕೂ ಆರತಿ ಬೆಳಗಿದರು. ಭಾವನ ಎದುರಿಗೆ ಕೂರಬಾರದೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಭಾವ ಕುರ್ಚಿಯನ್ನು ಕಂಪ್ಯೂಟರಿನ ಪಕ್ಕದಲ್ಲಿ ಇಟ್ಟು, ಟವೆಲಿನಿಂದ ಒಮ್ಮೆ ಒರೆಸಿ, ತಾವು ಹೊರಗೆ ಹೋಗಿ ಬೀದಿಯ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂತರು.

ನಾನೂ ಕೂತೆ. ಕಾಲು ನೆಲಕ್ಕೆ ಮುಟ್ಟಿತು.