ಷಡ್ಡಕನ ಮನೆಯ ಪೊರಕೆ ವಿಮರ್ಶೆ

ನಮ್ಮ ತರಾಜ್ ಊರಿನಲ್ಲಿ ಕುದುರೆ ಕದ್ದು ಬದುಕಿದವರಿದ್ದಾರೆ, ಮೊಮ್ಮಕ್ಕಳನ್ನು ಕಂಡು ಕಣ್ಣು ಮುಚ್ಚಿದ್ದಾರೆ. ಆದರೆ ವಿಮರ್ಶಕನಾಗಿ ಬದುಕಲು ಹೊರಟವನು ನಾನೊಬ್ಬನೇ. ನನ್ನ ಪಾಡು ನಾಯಿಗೂ ಬೇಡ.

ಹೊಟ್ಟೆಪಾಡಿಗೆ ನಾನು ಬಸ್ ನಿಲ್ದಾಣದಲ್ಲಿ ಬಸ್ಸು ಹೊರಡುವ ಹೊತ್ತನ್ನು ಕೂಗಿ ಹೇಳುವವನು. ಆತ್ಮದ ಪಾಡಿಗೆ ವಿಮರ್ಶಕ. ಸಂಜೆ ಮನೆಗೆ ಬಂದು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಹೊಸ ಧಾರಾವಾಹಿ, ಹೊಸ ಹಾಡು, ಹೊಸ ಮಿಕ್ಸಿ, ಕಿವಿಗೆ ತುರುಕುವ ಹೊಸ ಯಂತ್ರ, ಒಂದನ್ನೂ ಬಿಡದೆ ತೂಗಿ ನೋಡಿ ತೀರ್ಪು ಕೊಡುತ್ತೇನೆ. ಚಾನೆಲ್ಲಿನ ಹೆಸರು 'ತೋಲೆಬಿಯ ತಕ್ಕಡಿ'. (ತೋಲೆಬಿ ಅಂದರೆ ನಾನೇ.) ನೋಡುವವರೆಲ್ಲ ಹೆಂಡತಿಯ ಕಡೆಯ ನೆಂಟರು. ಅವರು ನೋಡುವುದು ವಿಮರ್ಶೆಗಲ್ಲ, ನಾನು ಇನ್ನೆಷ್ಟು ದಪ್ಪಗಾಗಿದ್ದೇನೆ ಅಂತ ತಿಳಿಯಲು ಎಂಬುದು ಹೆಂಡತಿ ಜೌರೇಶಳ ಅಭಿಪ್ರಾಯ.

ಕಷ್ಟ ಇರುವುದು ನಮ್ಮ ಸಂಪ್ರದಾಯದಲ್ಲಿ. ಅತಿಥಿಯಾಗಿ ಹೋದವನು ಆ ಮನೆಯ ಯಾವುದಾದರೂ ವಸ್ತುವನ್ನು ನೋಡಿ 'ಆಹಾ' ಅಂದರೆ ಮುಗಿಯಿತು, ಮನೆಯವನು ಅದನ್ನು ಎತ್ತಿ ಅವನ ಕೈಗಿಡಬೇಕು. ಬೇಡ ಅಂದರೆ ಕೊಟ್ಟವನಿಗೆ ಅವಮಾನ. ತಂದರೆ, ಅವನು ನಮ್ಮ ಮನೆಗೆ ಬಂದು ಯಾವುದಕ್ಕೆ 'ಆಹಾ' ಅನ್ನುತ್ತಾನೋ ಎಂದು ಜೀವ ಕೈಯಲ್ಲಿ ಹಿಡಿದು ಕಾಯಬೇಕು. ಹೋದ ಚಳಿಗಾಲ ಜೌರೇಶಳ ಸೋದರಮಾವನ ಮನೆಯ ಕರೆಂಟಿನ ಸಮೋವರನ್ನು ನಾನು ಮನದುಂಬಿ ವಿಮರ್ಶಿಸಿದೆ. ಚಹಾ ಕಾಯಿಸುವ ಆ ಪಾತ್ರೆ ನನ್ನ ಜೊತೆಯಲ್ಲೇ ಮನೆಗೆ ಬಂತು. ಆಮೇಲೆ ಮಾವ ಬಂದು ಜೌರೇಶಳ ನರಿಚರ್ಮದ ಟೋಪಿಯನ್ನು ಸವರಿ 'ಆಹಾ' ಅಂದ. ಅಂದಿನಿಂದ ಅವಳು ತಲೆಗೆ ಉಣ್ಣೆ ಬಟ್ಟೆ ಸುತ್ತಿಕೊಂಡು ಪೇಟೆಗೆ ಹೋಗುವ ಮುಂಚೆ ಒಮ್ಮೆ ಸಮೋವರನ್ನೂ ಒಮ್ಮೆ ನನ್ನನ್ನೂ ನೋಡುತ್ತಾಳೆ.

ಹೀಗಿರುವಾಗ ಸುದ್ದಿ ಬಂತು. ಜೌರೇಶಳ ತಂಗಿ ಶೋಲ್ಪಾನಳ ಗಂಡ, ಅಂದರೆ ನನ್ನ ಷಡ್ಡಕ, ಕುದುರೆ ವ್ಯಾಪಾರಿ ದೊಸಿಂಬೆಕ್, ತಾನೇ ಓಡಾಡಿ ಕಸ ಗುಡಿಸುವ ಯಂತ್ರವನ್ನು ತಂದಿದ್ದಾನಂತೆ!

"ನೋಡೋಕೆ ಹೋಗ್ಲೇಬೇಕು. ಇದು ವಿಮರ್ಶಕನ ಧರ್ಮ," ಅಂದೆ.

"ಹೋಗಿ ಯಜಮಾನ್ರೇ, ಯಾರು ಬೇಡ ಅಂದ್ರು?" ಅಂದಳು ಜೌರೇಶ್. "ಆದ್ರೆ ಬಾಯಿಂದ ಒಂದೇ ಒಂದು ಒಳ್ಳೇ ಮಾತು ಬಂತೋ, ನೋಡಿ! ನನ್ನ ಟೋಪಿ ಹೋಯ್ತು. ಈ ಸಲ ಏನಾದ್ರೂ ಮನೆಗೆ ಬಂದ್ರೆ, ಬದಲಿಗೆ ಹೋಗೋದು ನಿಮ್ಮ ಫೋನು."

"ಫೋನಾ? ಅದು ಹೋದ್ರೆ ನನ್ನ ತಕ್ಕಡಿ ಗತಿ ಏನೇ?"

"ಅದಕ್ಕೇ ಹೇಳಿದ್ದು. ಬೈದು ಬನ್ನಿ. ನನ್ನ ಅಡುಗೆಗೆ ಬೈಯೋ ಬಾಯಿಗೆ ಒಂದು ಪೊರಕೆಗೆ ಬೈಯೋದು ಅಷ್ಟು ಕಷ್ಟವಾ?"

ಎಂಥ ಸುಲಭೋಪಾಯ! ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಹೊಸ ವಸ್ತುವನ್ನು ಬರಿಗೈಯಲ್ಲಿ ನೋಡಬಾರದು ಅಂತ ಒಂದು ಡಬ್ಬಿ ಮಿಠಾಯಿ ಹಿಡಿದು ಷಡ್ಡಕನ ಮನೆಗೆ ಹೋದೆ.

ದೊಸಿಂಬೆಕ್ ಯಂತ್ರವನ್ನು ನೆಲಕ್ಕೆ ಬಿಟ್ಟ. ದುಂಡಗೆ ರೊಟ್ಟಿಯ ಹಾಗಿತ್ತು. ತಾನೇ ಹೋಯಿತು, ತಾನೇ ತಿರುಗಿತು, ಮೇಜಿನ ಕಾಲಿಗೆ ಮೆಲ್ಲಗೆ ಡಿಕ್ಕಿ ಹೊಡೆದು ಮರ್ಯಾದೆಯಿಂದ ಹಿಂದೆ ಸರಿಯಿತು. ನನಗೆ ಅದರ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು, ಸುಳ್ಳೇಕೆ ಹೇಳಲಿ? ನಾಲಿಗೆಯ ತುದಿಗೆ 'ಆಹಾ' ಬಂದು ನಿಂತಿತು. ಹಾಲು ಹಾಕಿದ ಬಿಸಿ ಚಹಾದ ಜೊತೆ ಅದನ್ನು ನುಂಗಿ, ಫೋನು ಹಿಡಿದು ಶುರು ಮಾಡಿದೆ.

"ಸದ್ದು ಜಾಸ್ತಿ. ನಡಿಗೆ ಸೋಮಾರಿ. ಕಂಬಳಿ ಕುಚ್ಚಿಗೆ ಸಿಕ್ಕಿ ಒದ್ದಾಡುತ್ತೆ. ಬೀರು ಕೆಳಗಿನ ಕಸ ಇದರ ಅಪ್ಪ ಬಂದ್ರೂ ತೆಗೆಯಲ್ಲ."

ದೊಸಿಂಬೆಕನ ಹುಬ್ಬು ಮೇಲೇರಿತು. ನಾನು ಹುರುಪಿನಿಂದ ಯಂತ್ರವನ್ನು ಮಗುಚಿ ಹಾಕಿ ಹೊಟ್ಟೆಯನ್ನೂ ಬೈದೆ, ಚಕ್ರವನ್ನೂ ಬೈದೆ. ಅವನ ಮುಖದಲ್ಲಿ ನಿಧಾನವಾಗಿ ನಗು ಹರಡತೊಡಗಿತು. ಇದೇಕೆ ನಗುತ್ತಾನೆ ಎಂದು ನನಗೆ ತಿಳಿಯಲಿಲ್ಲ.

"ತೋಕೆ," ಅಂದ ನನ್ನ ಹೆಗಲು ತಟ್ಟಿ (ಹಿರಿಯರ ಹೆಸರನ್ನು ಮೊಟಕು ಮಾಡುವುದೇ ನಮ್ಮಲ್ಲಿ ಮರ್ಯಾದೆ), "ಕುದುರೆ ಸಂತೇಲಿ ಕೂದಲು ಬೆಳ್ಳಗಾದೋನು ನಾನು. 'ಚೆನ್ನಾಗಿದೆ' ಅಂದು ಹೋಗೋನು ಯಾವತ್ತೂ ಕೊಳ್ಳಲ್ಲ. ಕಾಲು ಸೊಟ್ಟ, ಹಲ್ಲು ಸವೆದಿದೆ, ಕೆಮ್ಮುತ್ತೆ ಅಂತ ಸುತ್ತಿ ಸುತ್ತಿ ಬೈತಾನಲ್ಲ, ಅವನಿಗೇ ಆ ಕುದುರೆ ಮೇಲೆ ಪ್ರಾಣ. ಬಾಯಿಬಿಟ್ಟು ಕೇಳೋಕೆ ನಾಚಿಕೆಯಾ? ತಗೊಂಡು ಹೋಗಿ!"

"ಅಯ್ಯೋ, ಹಾಗಲ್ಲಪ್ಪ! ನಿಜವಾಗ್ಲೂ ದರಿದ್ರ ಯಂತ್ರ ಇದು!"

"ಕೇಳಿದ್ಯಾ ಶೋಲ್ಪಾನ್? ಇನ್ನೂ ಬೈತಿದ್ದಾರೆ! ಪಾಪ, ಎಷ್ಟು ದಿನದಿಂದ ಆಸೆ ಇತ್ತೋ. ಯಂತ್ರದ ಡಬ್ಬಿ ತಾ."

ಬೈದರೆ ಕೊಡುತ್ತಾನೆ ಅಂದ ಮೇಲೆ ಹೊಗಳಿದರೆ ಇಟ್ಟುಕೊಳ್ಳಬೇಕಲ್ಲವೇ? ಗಾಬರಿಯಲ್ಲಿ ನನಗೆ ಹಾಗೇ ತೋಚಿತು. "ಇಲ್ಲ ಇಲ್ಲ, ಬಹಳ ಚೆನ್ನಾಗಿದೆ! ಆಹಾ!" ಅಂದುಬಿಟ್ಟೆ.

"ಒಪ್ಕೊಂಡ್ರು!" ಎಂದು ದೊಸಿಂಬೆಕ್ ತೊಡೆ ತಟ್ಟಿದ.

ಡಬ್ಬಿ ಹೊತ್ತು ಮನೆಗೆ ಬಂದೆ. ಜೌರೇಶ್ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಬೈದೆ ಕಣೇ! ನಿನ್ನಾಣೆ ಬೈದೆ!"

"ಬೈದವರಿಗೆ ಯಾರಾದ್ರೂ ಕೊಡ್ತಾರಾ?"

"ಸಂತೇಲಿ ಬೈಯೋನಿಗೇ ಕುದುರೆ ಮೇಲೆ ಪ್ರಾಣವಂತೆ. ದೊಸಿಂಬೆಕನ ಲೆಕ್ಕ ಅದು."

ಅವಳಿಗೆ ನಂಬಿಕೆ ಬರಲಿಲ್ಲ. ಯಂತ್ರ ಮಾತ್ರ ಇಷ್ಟವಾಯಿತು. ಅದಕ್ಕೆ ಕೆಲಸ ಸಿಗಲಿ ಅಂತ ಅವಳು ಬಾವುರ್ಸಾಕ್ ಎಂಬ ಕರಿದ ಹಿಟ್ಟಿನ ಉಂಡೆಗಳನ್ನು ಪುಡಿ ಮಾಡಿ ನೆಲಕ್ಕೆ ಉದುರಿಸುವುದನ್ನು ನಾನೇ ಕಣ್ಣಾರೆ ಕಂಡೆ. (ನಾನು ಇನ್ನೊಂದು ಬಾವುರ್ಸಾಕ್ ಕೇಳಿದರೆ ಹೊಟ್ಟೆ ನೋಡಿಕೊಳ್ಳಿ ಅನ್ನುತ್ತಾಳೆ.)

ಮುಂದಿನ ವಾರ ದೊಸಿಂಬೆಕ್ ದಂಪತಿ ಊಟಕ್ಕೆ ಬಂದರು. ಅವರ ಕಾರಿನ ಸದ್ದು ಕೇಳಿದ್ದೇ ತಡ, ಫೋನನ್ನು ಬೀರುವಿನ ಕೆಳಗೆ, ಗೋಡೆಯ ತನಕ ತಳ್ಳಿದೆ. ಕಣ್ಣಿಗೆ ಬೀಳದ ವಸ್ತುವಿಗೆ 'ಆಹಾ' ಅನ್ನಲು ಯಾವ ಗಂಡಿಗೆ ಸಾಧ್ಯ? ಮಾಂಸದ ತಟ್ಟೆ ಬಂತು, ಖಾಲಿಯಾಯಿತು, ಚಹಾ ಬಂತು. ದೊಸಿಂಬೆಕ್ ಗೋಡೆ ನೋಡಿದ, ಸಮೋವರ್ ನೋಡಿದ, ಯಾವುದಕ್ಕೂ 'ಆಹಾ' ಅನ್ನಲಿಲ್ಲ. ನನ್ನ ಎದೆ ತಣ್ಣಗಾಯಿತು.

ಆಗ ಜೌರೇಶ್, ತಂಗಿಗೆ ತೋರಿಸುವ ಹುಮ್ಮಸ್ಸಿನಲ್ಲಿ, ಯಂತ್ರವನ್ನು ನೆಲಕ್ಕೆ ಬಿಟ್ಟಳು.

ಅದು ನೆಟ್ಟಗೆ ಬೀರುವಿನ ಕೆಳಗೆ ನುಗ್ಗಿತು. ಒಳಗೆ ಏನನ್ನೋ ಕೆರೆಯಿತು, ಗುಟುರು ಹಾಕಿತು. ಆಮೇಲೆ ಒಂದು ಬಾಚಣಿಗೆ, ಒಂದು ಒಂಟಿ ಕಾಲುಚೀಲ ಮತ್ತು ನನ್ನ ಫೋನನ್ನು ತಳ್ಳಿಕೊಂಡು ಹೊರಬಂದು ದೊಸಿಂಬೆಕನ ಪಾದದ ಬಳಿ ನಿಂತಿತು. ಬೀರುವಿನ ಕೆಳಗಿನ ಕಸ ತೆಗೆಯುವುದಿಲ್ಲ ಅಂದಿದ್ದಕ್ಕೆ ಸೇಡು ತೀರಿಸಿಕೊಂಡಿತೋ ಏನೋ.

ದೊಸಿಂಬೆಕ್ ಫೋನನ್ನು ಎತ್ತಿಕೊಂಡು ಕುದುರೆಯ ಹಲ್ಲು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದ. ಅವನು 'ಆಹಾ' ಅನ್ನಲಿಲ್ಲ.

"ಗಾಜೆಲ್ಲ ಗೀಚಿದೆ," ಅಂದ. "ತೂಕಾನೂ ಜಾಸ್ತಿ. ಕ್ಯಾಮೆರಾ ಕಣ್ಣು ಮಸುಕು."

ಜೌರೇಶ್ ಎದ್ದು ಹೋಗಿ ಫೋನಿನ ಸ್ಟ್ಯಾಂಡನ್ನೂ ಚಾರ್ಜರನ್ನೂ ತಂದು ಅವನ ಮುಂದಿಟ್ಟಳು. (ಸಿಮ್ ಮಾತ್ರ ತೆಗೆದು ಕೊಟ್ಟು ಹೋದ. ಧರ್ಮಾತ್ಮ.)

ಅವರು ಹೋದ ಮೇಲೆ ಸಮೋವರಿನ ಮುಂದೆ ಕೂತೆ. ಹೊಗಳಿದರೆ ಕೊಡುತ್ತಾರೆ, ತೆಗಳಿದರೂ ಕೊಡುತ್ತಾರೆ, ಹೋಗುವುದು ಮಾತ್ರ ನಮ್ಮದೇ.

"ಕಾಲು ಎತ್ತಿ, ಅದು ಗುಡಿಸ್ಬೇಕು," ಅಂದಳು ಜೌರೇಶ್. "ಕೂತಲ್ಲೇ ಬೇರು ಬಿಡ್ತೀರಿ. ಗೊರಕೆ ಕೇಳಿದ್ರೆ ಗೋಡೆ ನಡುಗುತ್ತೆ. ಹೊಟ್ಟೆ ನೋಡಿದ್ರೆ ಬಾಗಿಲು ನಡುಗುತ್ತೆ."

ಥಟ್ಟನೆ ನನಗೆ ಜ್ಞಾನೋದಯವಾಯಿತು. ಕಾಲು ಸೊಟ್ಟ, ಕೆಮ್ಮುತ್ತೆ ಅಂತ ಸುತ್ತಿ ಸುತ್ತಿ ಬೈಯುವವನಿಗೇ ಅಲ್ಲವೇ ಆ ಕುದುರೆಯ ಮೇಲೆ ಪ್ರಾಣ? ಮದುವೆಯಾದಾಗಿನಿಂದ ಇವಳು ಒಂದು ದಿನವೂ ಬಿಡದೆ ನನ್ನನ್ನು ಬೈದಿದ್ದಾಳೆ. ನನ್ನ ಕಣ್ಣು ತುಂಬಿ ಬಂತು.

"ಜೌರೇಶ್," ಅಂದೆ ಮೆತ್ತಗೆ, "ದೊಸಿಂಬೆಕ್ ಹೇಳಿದ ಸಂತೆ ಲೆಕ್ಕದಲ್ಲಿ ನೋಡಿದ್ರೆ, ನಿನಗೆ ನನ್ನ ಮೇಲೆ..."

"ಅದು ಸಂತೆ ಲೆಕ್ಕ. ಮನೇಲಿ ನಡೆಯೋದು ನನ್ನ ಟೋಪಿ ಒಯ್ದ ಮಾವನ ಲೆಕ್ಕ," ಅಂದಳು ಅವಳು, ನನ್ನ ಕಾಲಡಿಗೆ ಇನ್ನಷ್ಟು ಪುಡಿ ಉದುರಿಸುತ್ತಾ. "ಮನೆಗೆ ಬಂದ ಒಬ್ಬ ಅತಿಥಿಯಾದ್ರೂ ನಿಮ್ಮನ್ನ ನೋಡಿ 'ಆಹಾ' ಅಂತಾರಾ ಅಂತ ಮದುವೆಯಾದಾಗಿಂದ ಕಾಯ್ತಿದ್ದೀನಿ. ಒಬ್ಬರೂ ಅಂದಿಲ್ಲ."