ಶೆಲ್ಫಿಗೆ ನರ ಬಂದು ನರಳಿದ್ದು

ಮನೆ ಎಂದರೆ ಗೋಡೆ, ಕಪಾಟು, ಬಾಗಿಲುಗಳ ಮೂಕ ಸಂಸಾರವಲ್ಲ, ಅದಕ್ಕೂ ಮೈಯೆಲ್ಲ ಅರಿವು ಬರಬೇಕು ಎಂದು ಇಂಜಿನಿಯರ್ ಮಹಾಶಯ ಘೋಷಿಸಿದ್ದು ಒಂದು ಭಾನುವಾರ, ಎರಡನೆಯ ಲೋಟ ಕಾಫಿ ಕೈಯಲ್ಲಿದ್ದಾಗ. ಅವನ ಪ್ರಯೋಗಾಲಯದಲ್ಲಿ ಪ್ಲಾಸ್ಟಿಕ್ಕನ್ನು ಕರಗಿಸಿ, ಪದರದ ಮೇಲೆ ಪದರ ಇಟ್ಟು ವಸ್ತುಗಳನ್ನೇ ಮುದ್ರಿಸುವ ಯಂತ್ರವಿತ್ತು. ಪದರಗಳ ನಡುವೆ ಬೆಳ್ಳಿಪುಡಿಯ ಶಾಯಿಯಿಂದ ಕೂದಲೆಳೆಯಂಥ ಗೆರೆ ಎಳೆದರೆ ಅದರೊಳಗೆ ವಿದ್ಯುತ್ತು ಹರಿಯುತ್ತದೆ. ವಸ್ತು ಒಂಚೂರು ಬಾಗಿದರೂ ಗೆರೆಗೆ ಗೊತ್ತಾಗುತ್ತದೆ. ಅವುಗಳನ್ನು ಅವನು ನರಗಳು ಎನ್ನುತ್ತಿದ್ದ.

"ಅಡುಗೆಮನೆಗೆ ಒಂದು ಶೆಲ್ಫ್ ಮಾಡ್ತೀನಿ. ಭಾರ ಹೆಚ್ಚಾದ್ರೆ ಅದೇ ಬಾಯಿಬಿಟ್ಟು ಹೇಳತ್ತೆ."

"ಡಬ್ಬ ಇಡೋಕೆ ಜಾಗ ಇರತ್ತೆ ತಾನೇ?" ಎಂದಷ್ಟೇ ಕೇಳಿದಳು ಹೆಂಡತಿ.

ಮುಂದಿನ ಮೂರು ರಜಾದಿನ ಅವನು ಯಂತ್ರದ ಮುಂದೆ ಕೆನ್ನೆಗೆ ಕೈಕೊಟ್ಟು ಕೂತ. ಪ್ಲಾಸ್ಟಿಕ್ ಸುರಿಸುವ ಅದರ ಮೂತಿ ಅತ್ತ ಹೋಗುತ್ತಿತ್ತು, ಇತ್ತ ಬರುತ್ತಿತ್ತು. ಹಾಲಿನ ಕೆನೆಯಂತೆ ಪದರ ಕಟ್ಟುತ್ತಿತ್ತು. ನೋಡುತ್ತ ನೋಡುತ್ತ ಅವನ ಕಣ್ಣು ಅರೆಮುಚ್ಚುತ್ತಿತ್ತು. ಬಿರುಕು ಬಿಡುವ ಮೊದಲೇ ಪಿಸುಗುಟ್ಟುವ ಸೇತುವೆಗಳು, ಹತ್ತುವವರ ಮಂಡಿನೋವು ತಿಳಿದು ತಗ್ಗುವ ಮೆಟ್ಟಿಲುಗಳು, ಒರಗಿದವರ ಆಯಾಸ ಕೇಳುವ ಕಂಬಗಳು. ಇಡೀ ಊರೇ ಮೆಲ್ಲಗೆ ಉಸಿರಾಡುತ್ತಿತ್ತು, ಅದರ ನಡುವೆ ಅವನು ಕೈ ಬೀಸಿಕೊಂಡು ನಡೆಯುತ್ತಿದ್ದ.

ಶೆಲ್ಫ್ ಸಿದ್ಧವಾಯಿತು. ಖಾಲಿ ಇದ್ದದ್ದು ಒಲೆ ಪಕ್ಕದ ಗೋಡೆಯೊಂದೇ, ಅಲ್ಲೇ ಕೂರಿಸಿದ. ಅದಕ್ಕೆ ತುಂಬಿದ ದನಿಯೂ ಅವನದೇ: "ಭಾರ ಆಗ್ತಿದೆ, ಸ್ವಲ್ಪ ಇಳಿಸ್ತೀರಾ?"

ಸೋಮವಾರ ಅಡುಗೆ ಅರ್ಧ ಆಗಿತ್ತೋ ಇಲ್ಲವೋ, ಶೆಲ್ಫ್ ಮಾತಾಡಿತು. ಅವರ ಜೊತೆಯಲ್ಲೇ ವಾಸವಿದ್ದ ಹೆಂಡತಿಯ ತಾಯಿ, ಅತ್ತೆಯವರು, ಎರಡು ಡಬ್ಬ ಇಳಿಸಿದರು. ಹತ್ತು ನಿಮಿಷಕ್ಕೆ ಮತ್ತೆ ಅದೇ ಗೋಳು. ಗಾಜಿನ ಭರಣಿಗಳನ್ನು ಇಳಿಸಿದರು. ಹೋಗಲಿ ಬಿಡಮ್ಮ ಎಂದು ಮಗಳು ಹೇಳಿದರೂ ಅವರ ಮನಸ್ಸು ತಡೆಯಲಿಲ್ಲ.

"ಅಳಿಯಂದಿರ ದನಿ ಕಣೇ. ಅಷ್ಟು ದೈನ್ಯವಾಗಿ ಕೇಳ್ತಿದ್ರೆ ಸುಮ್ನಿರೋಕೆ ನನ್ನ ಕೈಲಾಗಲ್ಲ."

ಗುರುವಾರದ ಹೊತ್ತಿಗೆ ಶೆಲ್ಫಿನಲ್ಲಿ ಉಳಿದದ್ದು ಉಪ್ಪಿನ ಡಬ್ಬಿ ಒಂದೇ. ಆದರೂ ನರಳಾಟ ನಿಲ್ಲಲಿಲ್ಲ. ಇಳಿಸಿದ್ದೆಲ್ಲ ಮೂಲೆಯ ಹಳೇ ಮರದ ಸ್ಟ್ಯಾಂಡಿನ ಮೇಲೇರಿತ್ತು. ಅದು ತುಟಿಪಿಟಕ್ಕೆನ್ನಲಿಲ್ಲ. ಇತ್ತ ಪ್ರಯೋಗಾಲಯದಲ್ಲಿ ಇಂಜಿನಿಯರು ತನ್ನ ಶೆಲ್ಫಿನ ಸೂಕ್ಷ್ಮತೆಯನ್ನು ಎದೆಯುಬ್ಬಿಸಿ ಬಣ್ಣಿಸುತ್ತಿದ್ದ.

ಶುಕ್ರವಾರ ಸಂಜೆ ಅವನು ಚಪ್ಪಲಿ ಬಿಡುತ್ತಿದ್ದಾಗಲೇ ಸ್ಟ್ಯಾಂಡಿನ ಕಾಲು ಮುರಿಯಿತು. ಭರಣಿಗಳು ಚೂರಾದವು, ಬೇಳೆಕಾಳು ಬಾಗಿಲವರೆಗೂ ಉರುಳಿ ಬಂದು ಅವನನ್ನು ಸ್ವಾಗತಿಸಿತು. ಅತ್ತೆಯವರು ಮೂವತ್ತು ವರ್ಷ ಜೋಪಾನ ಮಾಡಿದ್ದ ಏಳು ಪಿಂಗಾಣಿ ಬಟ್ಟಲುಗಳಲ್ಲಿ ಉಳಿದದ್ದು ಮೂರು. ಅವರು ಆ ಮೂರನ್ನೂ ಸೆರಗಿನಲ್ಲಿ ಒರೆಸುತ್ತ ಕೂತರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವನಿಗೆ.

ಉಪ್ಪಿನ ಡಬ್ಬಿಯೊಂದಕ್ಕೇ ನರಳುವ ಶೆಲ್ಫಿನ ಮೇಲೆ ಅನುಮಾನ ಬಂದು ಒಲೆ ಆರಿಸಿ, ಅದು ತಣ್ಣಗಾದ ಮೇಲೆ ತನ್ನ ಸಲಕರಣೆಗಳ ಪೆಟ್ಟಿಗೆಯನ್ನೇ ಅದರ ಮೇಲಿಟ್ಟು ನೋಡಿದ. ಉಸಿರಿಲ್ಲ. ಪೆಟ್ಟಿಗೆ ತೆಗೆದು, ಒಲೆ ಹಚ್ಚಿದ. ಐದೇ ನಿಮಿಷಕ್ಕೆ ಶೆಲ್ಫ್ ಅಳತೊಡಗಿತು. ಬಿಸಿಗೆ ಬೆಳ್ಳಿಗೆರೆಗಳ ಗುಣ ಬದಲಾಗುತ್ತಿತ್ತು. ಶಾಖವನ್ನೇ ಅದು ಭಾರ ಎಂದುಕೊಂಡಿತ್ತು.

ಅವನು ತಲೆತಗ್ಗಿಸಿ ತಪ್ಪೊಪ್ಪಿಕೊಂಡ. "ಭಾರಕ್ಕಲ್ಲ ಕಣೇ, ಒಲೆ ಕಾವಿಗೆ. ದಿನಾ ಎರಡು ಹೊತ್ತು ಈ ಬಿಸಿ ತಡಕೊಳ್ಳೋದು ಅದರಿಂದ ಆಗಲ್ಲ. ಪಾಪ, ತಂಪಾಗಿರೋ ಕಡೆ ಇಡಬೇಕು."

ಚೂರು ಗುಡಿಸುತ್ತಿದ್ದ ಹೆಂಡತಿ ಪೊರಕೆ ಗೋಡೆಗೊರಗಿಸಿದಳು. ಹಣೆಯ ಬೆವರು ಒರೆಸಿಕೊಂಡು, ಸೌಟು ತಂದು ಅವನ ಕೈಗಿಟ್ಟಳು.

"ಸರಿ ರೀ. ಅದನ್ನ ಹಾಲ್‌ನಲ್ಲಿ ಫ್ಯಾನ್ ಕೆಳಗೆ, ನಿಮ್ಮ ಜಾಗದಲ್ಲಿ ಇಡೋಣ. ನೀವು ಇಲ್ಲಿಗೆ ಬನ್ನಿ."